ಜಿಂಕೆಯೂ ಛಾಯಾಗ್ರಾಹಕನೂ

ಮನುಷ್ಯನು ಚಿತ್ರ ಬರೆಯಲು ಕಲಿತಂದಿನಿಂದಲೂ ಜಿಂಕೆ ಅವನ ಚಿತ್ರದಲ್ಲಿದೆ. ಮಧ್ಯಪ್ರದೇಶದ ಭೀಮಬೇಟ್ಕಾದ ಬಂಡೆಯಾಸರೆಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಹೆಸರಿಲ್ಲದ ಕೈಗಳು ಬಿಡಿಸಿದ ಜಿಂಕೆಗಳು ಇಂದಿಗೂ ಕಾಣುತ್ತವೆ. ಬಿಲ್ಲು ಹಿಡಿದ ಬೇಟೆಗಾರರೂ ಅದೇ ಬಂಡೆಗಳ ಮೇಲಿದ್ದಾರೆ. ಕಾಳಿದಾಸನ ಶಾಕುಂತಲ ನಾಟಕ ಮೊದಲಾಗುವುದೇ ಜಿಂಕೆಯನ್ನು ಅಟ್ಟಿಸಿಕೊಂಡು ಬರುವ ದುಷ್ಯಂತನ ರಥದಿಂದ. ಅದು ಆಶ್ರಮದ ಮೃಗವೆಂದು ತಪಸ್ವಿಯೊಬ್ಬನು ಅಡ್ಡ ಬಂದು ತಡೆದ ಮೇಲೆಯೇ ರಾಜನ ಬಾಣ ಬತ್ತಳಿಕೆಗೆ ಮರಳುತ್ತದೆ. ರಾಮಾಯಣದಲ್ಲಿ ಸೀತೆಯ ಮನಸ್ಸನ್ನು ಸೆಳೆದದ್ದು ಬಂಗಾರದ ಜಿಂಕೆ. ಆ ಜಿಂಕೆಯ ಬೆನ್ನು ಹತ್ತಿದ್ದರಿಂದ ಏನಾಯಿತೆಂಬುದು ಎಲ್ಲರೂ ಬಲ್ಲ ಕಥೆ. ಜಿಂಕೆಯ ಚೆಲುವನ್ನು ಮೆಚ್ಚಿದವರೇ ಅದನ್ನು ಹಿಡಿಯಲು ಅಥವಾ ಕೊಲ್ಲಲು ಹೊರಟವರು ಎಂಬುದು ಈ ಹಳೆಯ ಕಥೆಗಳಲ್ಲೆಲ್ಲ ಎದ್ದು ಕಾಣುವ ವಿಚಿತ್ರ.

ಕ್ಯಾಮೆರಾ ಬಂದ ಮೇಲೆ ಈ ವಿಚಿತ್ರ ತೀರಿತೆಂದು ಬಹಳ ಮಂದಿ ನಂಬಿದ್ದಾರೆ. ಹಾಗೆ ನಂಬುವುದಕ್ಕೆ ಕಾರಣವಿಲ್ಲದೆ ಇಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾರ್ಜ್ ಶೈರಾಸ್ ಎಂಬ ವಕೀಲರಿದ್ದರು. ಎಳವೆಯಿಂದಲೂ ಜಿಂಕೆಯ ಬೇಟೆಯಲ್ಲಿ ಪಳಗಿದವರು. ರಾತ್ರಿಯ ಹೊತ್ತು ದೋಣಿಯ ಮೂತಿಗೆ ಬೆಂಕಿಯ ಬೆಳಕನ್ನು ಕಟ್ಟಿಕೊಂಡು ಸರೋವರದ ಅಂಚಿನಲ್ಲಿ ಸದ್ದಿಲ್ಲದೆ ಹೋದರೆ, ನೀರಿಗೆ ಬಂದ ಜಿಂಕೆ ಬೆಳಕನ್ನೇ ನೋಡುತ್ತ ಕಲ್ಲಿನಂತೆ ನಿಂತುಬಿಡುತ್ತದೆ. ಬೇಟೆಗಾರ ಆ ಹೊಳೆಯುವ ಎರಡು ಕಣ್ಣುಗಳ ನಡುವೆ ಗುರಿಯಿಡುತ್ತಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಶೈರಾಸ್ ಅದೇ ದೋಣಿ, ಅದೇ ಸರೋವರ, ಅದೇ ಬೆಳಕನ್ನು ಇಟ್ಟುಕೊಂಡು ಕೋವಿಯನ್ನು ಮಾತ್ರ ಕೆಳಗಿಟ್ಟರು. ಅದರ ಜಾಗಕ್ಕೆ ಕ್ಯಾಮೆರಾ ಬಂದಿತು. ಅವರು ತೆಗೆದ ೭೪ ಚಿತ್ರಗಳು ೧೯೦೬ರ ಜುಲೈ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯಲ್ಲಿ ಒಟ್ಟಿಗೆ ಪ್ರಕಟವಾದಾಗ, ಕತ್ತಲ ಕಾಡಿನ ಪ್ರಾಣಿಗಳನ್ನು ಜನ ಮೊದಲ ಬಾರಿಗೆ ಕಣ್ಣಾರೆ ಕಂಡಂತಾಯಿತು. ಭಾರತದಲ್ಲಿ ಸಂಯುಕ್ತ ಪ್ರಾಂತಗಳ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ನರು ಹುಲಿ ತಾನೇ ತಂತಿಯನ್ನು ತುಳಿದು ತನ್ನ ಚಿತ್ರ ತೆಗೆದುಕೊಳ್ಳುವಂಥ ಏರ್ಪಾಡು ಮಾಡಿ, ೧೯೨೭ರಲ್ಲಿ ಆ ಅನುಭವಗಳ ಪುಸ್ತಕವನ್ನೇ ಬರೆದರು. ಹುಲಿಯನ್ನು ಕೊಂದು ಅದರ ಮೇಲೆ ಕಾಲಿಟ್ಟು ನಿಲ್ಲುವುದೇ ಹಿರಿಮೆ ಎನಿಸಿದ್ದ ಕಾಲದಲ್ಲಿ ಅದೊಂದು ದೊಡ್ಡ ತಿರುವು.

ಆಯುಧ ಬದಲಾಯಿತು, ನಿಜ. ಮನಸ್ಸು ಬದಲಾಯಿತೇ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ. ಛಾಯಾಗ್ರಾಹಕರ ಮಾತಿಗೆ ಕಿವಿಗೊಟ್ಟರೆ ಬೇಟೆಯ ನುಡಿಯೇ ಕೇಳಿಸುತ್ತದೆ. ಕ್ಯಾಮೆರಾಕ್ಕೆ ಫಿಲ್ಮನ್ನು ‘ಲೋಡ್’ ಮಾಡುತ್ತಿದ್ದರು. ಚಿತ್ರವನ್ನು ‘ಶೂಟ್’ ಮಾಡುತ್ತಾರೆ. ಒಳ್ಳೆಯ ಚಿತ್ರ ದೊರೆತರೆ ಪ್ರಾಣಿ ‘ಸಿಕ್ಕಿತು’ ಎನ್ನುತ್ತಾರೆ. ಬರಿಯ ಮಾತಿನಲ್ಲಿ ದೋಷ ಹುಡುಕುವುದು ಜಗಳಗಂಟಿತನವೆಂದು ಯಾರಾದರೂ ಹೇಳಬಹುದು. ಆದರೆ ಹತ್ತು ಜನ ಒಂದು ಜಿಂಕೆಯ ಸುತ್ತ ನೆರೆದು, ಅದು ತಲೆಯೆತ್ತಲೆಂದು ಚಪ್ಪಾಳೆ ತಟ್ಟುವುದನ್ನೂ, ಸಿಳ್ಳೆ ಹಾಕುವುದನ್ನೂ, ಕಡ್ಡಿ ಕಲ್ಲು ಎಸೆಯುವುದನ್ನೂ ಕಂಡವರಿಗೆ ಈ ಮಾತು ಬರಿಯ ಮಾತಲ್ಲವೆಂಬುದು ತಿಳಿದಿರುತ್ತದೆ.

ನಮ್ಮ ನಾಡಿನಲ್ಲಿ ಇದಕ್ಕಿಂತ ಮೇಲಾದ ಪರಂಪರೆಯೊಂದಿದೆ. ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ (೧೯೩೨–೨೦೧೭) ಮೊದಲಾದವರು ವನ್ಯಜೀವಿ ಛಾಯಾಗ್ರಹಣದಲ್ಲಿ ನಾಡಿನ ಆಚೆಗೂ ಹೆಸರಾದರು. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ಲೆಕ್ಕಪತ್ರಗಳ ನಡುವೆಯೂ ಕಾಡಿಗೆ ಬಿಡುವು ಮಾಡಿಕೊಂಡು, ಕಪ್ಪುಬಿಳುಪಿನಲ್ಲಿ ಬೆಳಕು ನೆರಳುಗಳನ್ನು ಹಿಡಿದರು. ೧೯೪೦ರ ದಶಕದಲ್ಲಿ ಅದೇ ಸಂಡೂರು ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದ ಮದರಾಸಿನ ಎಂ. ಕೃಷ್ಣನ್ (೧೯೧೨–೧೯೯೬) ಬಿಡಿಭಾಗಗಳನ್ನು ತಾವೇ ಜೋಡಿಸಿಕೊಂಡ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಿದ್ದರು. ಅಳಿಲು, ಕಾಗೆ, ಮನೆಯಂಗಳದ ಗಿಡಗಳ ಬಗೆಗೂ ಆನೆಯ ಬಗೆಗೆ ಬರೆದಷ್ಟೇ ಶ್ರದ್ಧೆಯಿಂದ ಬರೆದರು. ಕನ್ನಡದ ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲೇ ಹಕ್ಕಿಗಳನ್ನು ಕಾದು ಕುಳಿತು ಚಿತ್ರ ತೆಗೆದವರು. ಇವರೆಲ್ಲರಲ್ಲಿಯೂ ಸಮಾನವಾಗಿದ್ದುದು ಬೆಲೆಬಾಳುವ ಉಪಕರಣವಲ್ಲ, ಕಾಯುವ ಗುಣ. ಒಂದೇ ನೆಲವನ್ನು ವರ್ಷಗಟ್ಟಲೆ ನೋಡಿದ್ದರಿಂದ ಬಂದ ಪರಿಚಯ ಅವರ ಚಿತ್ರಗಳಲ್ಲಿದೆ.

ಇಂದು ಕಾಡಿನ ಛಾಯಾಗ್ರಹಣವೆಂದರೆ ಹುಲಿ ಎಂಬಂತಾಗಿದೆ. ಹುಲಿ ಕಾಣಲಿಲ್ಲವೆಂದು ಮುಖ ಸಪ್ಪೆ ಮಾಡಿಕೊಂಡು ಕಾಡಿನಿಂದ ಹಿಂತಿರುಗುವವರು ದಾರಿಯುದ್ದಕ್ಕೂ ನೂರಾರು ಜಿಂಕೆಗಳನ್ನು ಕಂಡಿರುತ್ತಾರೆ. ‘ಬರೀ ಜಿಂಕೆ’ ಎಂದು ಅವರು ಅನ್ನುವುದುಂಟು. ಆ ಜಿಂಕೆಗಳಿಲ್ಲದಿದ್ದರೆ ಹುಲಿಯೇ ಇರಲಾರದು ಎಂಬುದು ಒಂದು ಮಾತು. ಜಿಂಕೆಯನ್ನು ಜಿಂಕೆಗಾಗಿಯೇ ನೋಡುವ ಯೋಗ್ಯತೆ ಇಲ್ಲದವನಿಗೆ ಹುಲಿಯ ಚಿತ್ರವೂ ಬರಿಯ ಪದಕವೇ ಎಂಬುದು ಇನ್ನೊಂದು ಮಾತು. ಇದು ಕಟುವಾಗಿ ಕೇಳಿಸಿದರೂ ಹೇಳದೆ ಬಿಡುವಂಥದಲ್ಲ. ಚಿತ್ರ ತೆಗೆಯಲು ಕಲಿಯಬಯಸುವವನು ದೂರದ ಹುಲಿಯನ್ನು ಒಮ್ಮೆ ಹುಡುಕಿಕೊಂಡು ಹೋಗುವುದಕ್ಕಿಂತ ಊರಿಗೆ ಹತ್ತಿರದ ಕಾಡಿಗೆ, ಉದ್ಯಾನಕ್ಕೆ, ಕೆರೆಯಂಗಳಕ್ಕೆ ಹತ್ತು ಸಲ ಹೋಗುವುದು ಮೇಲು.

ಗುಂಡ್ಲುಪೇಟೆಯ ಸೀಮೆಯವರಿಗೆ ಬಂಡೀಪುರ ಅಂಥದೊಂದು ಹತ್ತಿರದ ಕಾಡು. ರಾಷ್ಟ್ರೀಯ ಉದ್ಯಾನವೆಂಬ ಹೆಸರನ್ನು ಕೇಳಿ ಹೂಪಾತಿಗಳನ್ನೂ ಕಾರಂಜಿಗಳನ್ನೂ ನಿರೀಕ್ಷಿಸಿ ಬರುವವರೂ ಇಲ್ಲದಿಲ್ಲ! ಮೈಸೂರು ಅರಸರ ಕಾಲದಲ್ಲಿ, ೧೯೩೧ರಲ್ಲಿ ಇಲ್ಲಿ ಮೊದಲು ಅಭಯಾರಣ್ಯವಾಯಿತು. ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಪಟ್ಟಿಯಲ್ಲಿಯೇ ಇದು ಸೇರಿತು. ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ಹೆದ್ದಾರಿ ಈ ಕಾಡನ್ನು ಸೀಳಿಕೊಂಡೇ ಹೋಗುತ್ತದೆ. ರಸ್ತೆಯಂಚಿನ ಹುಲ್ಲಿನಲ್ಲಿ, ಅರಣ್ಯ ಇಲಾಖೆಯ ಕಟ್ಟಡಗಳ ಮುಂದಿನ ಬಯಲಿನಲ್ಲಿ ಚುಕ್ಕೆ ಜಿಂಕೆಗಳ ಹಿಂಡು ಸಂಜೆಯ ಹೊತ್ತು ದನಗಳಂತೆ ಮೇಯುವುದನ್ನು ಕಾಣಬಹುದು. ಹೀಗೆ ಸುಲಭವಾಗಿ ಕಾಣುವುದೇ ಅವುಗಳನ್ನು ಯಾರೂ ಸರಿಯಾಗಿ ನೋಡದಿರುವುದಕ್ಕೆ ಕಾರಣವಾಯಿತೋ ಏನೋ.

ಸರಿಯಾಗಿ ನೋಡಿದವನಿಗೆ ಒಂದೇ ಹಿಂಡಿನಲ್ಲಿ ಎಷ್ಟೋ ಸಂಗತಿಗಳು ಕಾಣುತ್ತವೆ. ಚುಕ್ಕೆ ಜಿಂಕೆಯ ಗಂಡಿಗೆ ಮಾತ್ರ ಕೊಂಬು. ಆ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತದೆ. ಬೆಳೆಯುವಾಗ ಅದರ ಮೇಲೆ ಮಖಮಲ್ಲಿನಂಥ ಮೆತ್ತನೆಯ ಚರ್ಮವಿರುತ್ತದೆ. ಬೆಳವಣಿಗೆ ಮುಗಿದ ಮೇಲೆ ಅದು ಒಣಗಿ, ಜಿಂಕೆ ಮರಕ್ಕೆ ಪೊದೆಗೆ ಕೊಂಬನ್ನು ಉಜ್ಜಿ ಉಜ್ಜಿ ಕಳಚಿಹಾಕುತ್ತದೆ. ಈ ಜಾತಿಯಲ್ಲಿ ಎಲ್ಲ ಗಂಡುಗಳಿಗೂ ಒಂದೇ ತಿಂಗಳಲ್ಲಿ ಹೀಗಾಗುವುದಿಲ್ಲ. ಆದ್ದರಿಂದ ಒಂದೇ ಹಿಂಡಿನಲ್ಲಿ ಒಂದಕ್ಕೆ ಬೋಳು ತಲೆ, ಇನ್ನೊಂದಕ್ಕೆ ಮಖಮಲ್ಲಿನ ಕೊಂಬು, ಮತ್ತೊಂದಕ್ಕೆ ಗಟ್ಟಿಯಾದ ಪೂರ್ಣ ಕೊಂಬು ಇರುವುದುಂಟು. ಇವು ಮೂರೂ ಒಟ್ಟಿಗಿರುವ ಒಂದು ಚಿತ್ರ ಎಷ್ಟು ಪಾಠಗಳನ್ನು ಹೇಳೀತು! ಮರದ ಮೇಲೆ ಮುಸುವಗಳಿದ್ದರೆ ಕೆಳಗೆ ಜಿಂಕೆಗಳಿರುವುದು ಈ ಕಾಡಿನ ಮತ್ತೊಂದು ನೋಟ. ಮುಸುವಗಳು ತಿಂದುಳಿದ ಚಿಗುರನ್ನೂ ಕಾಯನ್ನೂ ಕೆಳಗೆ ಕೆಡವುತ್ತವೆ. ಜಿಂಕೆಗಳು ಆಯ್ದು ತಿನ್ನುತ್ತವೆ. ಮೇಲಿನಿಂದ ಹುಲಿಯನ್ನೋ ಚಿರತೆಯನ್ನೋ ಕಂಡ ಮುಸುವ ಕೂಗಿ ಎಚ್ಚರಿಸುತ್ತದೆ. ಗಾಳಿಯಲ್ಲಿ ವಾಸನೆ ಹಿಡಿದ ಜಿಂಕೆ ಕಾಲು ನೆಲಕ್ಕೆ ಬಡಿದು, ಬಾಲವೆತ್ತಿ ಕೂಗಿ ಮುಸುವಕ್ಕೆ ಸುದ್ದಿ ಮುಟ್ಟಿಸುತ್ತದೆ. ಈ ನೆರೆಹೊರೆಯ ಒಪ್ಪಂದ ಒಂದು ದಿನದ ಪ್ರವಾಸಿಯ ಚಿತ್ರದಲ್ಲಿ ಬರುವುದು ಅಪರೂಪ.

ಇನ್ನು ಋತುಗಳು. ಬಂಡೀಪುರದ ಬಹುಭಾಗ ಎಲೆಯುದುರುವ ಕಾಡು. ಮಳೆಯ ನೆರಳಿನ ಸೀಮೆ. ಜನವರಿ ಕಳೆಯುತ್ತಲೇ ತೇಗ, ಮತ್ತಿ, ದಿಂಡಲು ಮರಗಳು ಬೋಳಾಗುತ್ತವೆ, ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ‘ಈಗೇನಿದೆ ಅಲ್ಲಿ, ಒಣಕಲು’ ಎಂದು ಕ್ಯಾಮೆರಾದವರು ಬೆನ್ನು ತಿರುಗಿಸುವ ಕಾಲವಿದು. ಆದರೆ ಬೋಳು ಮರಗಳ ನಡುವೆ ಬೂರುಗ ಕೆಂಪಗೆ ಅರಳುವುದು ಈಗಲೇ. ಉದುರಿದ ಅದರ ದಪ್ಪ ಎಸಳುಗಳನ್ನು ಜಿಂಕೆಗಳು ಮುಗಿಬಿದ್ದು ತಿನ್ನುತ್ತವೆ. ಶಿವರಾತ್ರಿಯ ಸುಮಾರಿಗೆ ಮುತ್ತುಗ ಎಲೆಯಿಲ್ಲದ ಕೊಂಬೆಗಳ ತುಂಬ ಕೆಂಡ ಹೊತ್ತು ನಿಲ್ಲುತ್ತದೆ. ಒಣಹುಲ್ಲಿನ ಬಣ್ಣವೂ ಜಿಂಕೆಯ ಮೈಬಣ್ಣವೂ ಒಂದಾಗಿ, ಬೆಳಗಿನ ಓರೆಬಿಸಿಲಿನಲ್ಲಿ ಬೆನ್ನಿನ ಬಿಳಿಯ ಚುಕ್ಕೆಗಳು ಮಾತ್ರ ಬಿಸಿಲಿನ ತುಣುಕುಗಳಂತೆ ಚಲಿಸುವುದನ್ನು ನೋಡಲು ಈ ಕಾಲವೇ ಆಗಬೇಕು. ಆ ಚುಕ್ಕೆಗಳು ಏಕಿವೆ ಎಂಬುದನ್ನು ಪುಸ್ತಕ ಬೇಕಿಲ್ಲದೆ ತಿಳಿಯಬಹುದು.

ಇದೇ ಕಾಲದಲ್ಲಿ ಬೆಂಕಿಯ ಭಯ. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬಿದ್ದ ಕಾಳ್ಗಿಚ್ಚು ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಏಪ್ರಿಲ್‌ ಮೇ ತಿಂಗಳುಗಳಲ್ಲಿ ಗುಡುಗಿನೊಡನೆ ಮೊದಲ ಮಳೆ ಬೀಳುತ್ತದೆ. ಕಪ್ಪು ನೆಲದಿಂದ ಒಂದು ವಾರದೊಳಗೆ ಹಸುರು ಮೊಳೆಯುತ್ತದೆ. ಎಳೆಹುಲ್ಲಿಗೆ ಜಿಂಕೆಗಳು ಬಂದು ಕೂಡುತ್ತವೆ. ಕಕ್ಕೆಯ ಮರ ಹಳದಿ ಗೊಂಚಲುಗಳನ್ನು ಇಳಿಬಿಡುವುದೂ ಇದೇ ಹೊತ್ತಿಗೆ. ಜೂನ್‌ನಿಂದ ಮುಂದೆ ಕಾಡು ದಟ್ಟವಾಗಿ ಮುಚ್ಚಿಕೊಳ್ಳುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ತನ್ನ ಹೆಸರಿಗೆ ತಕ್ಕಂತೆ ಮಂಜಿನಲ್ಲಿ ಮುಳುಗುತ್ತದೆ. ಪ್ರಾಣಿಗಳು ಕಾಣುವುದು ಕಡಿಮೆ, ಬೆಳಕೂ ಮಂದ. ಆದರೆ ಹೂವಿನ ಚಿತ್ರ ತೆಗೆಯುವವನಿಗೆ ಮೋಡದ ಬೆಳಕಿಗಿಂತ ಹಿತವಾದ ಬೆಳಕಿಲ್ಲ. ಸುಡುಬಿಸಿಲಿನಲ್ಲಿ ಎಸಳಿನ ಅರ್ಧ ಬಿಳಿಚಿ, ಅರ್ಧ ಕತ್ತಲಾಗಿ ಕೆಡುತ್ತದೆ. ಮೋಡದಡಿಯಲ್ಲಿ ಎಸಳಿನ ಗೆರೆಗೆರೆಯೂ ಉಳಿಯುತ್ತದೆ. ಗೌರಿಹಬ್ಬದ ಸುಮಾರಿಗೆ ಬೇಲಿಸಾಲುಗಳಲ್ಲಿ ಅಗ್ನಿಶಿಖೆ ಅರಳುತ್ತದೆ; ಎಷ್ಟೋ ಕಡೆ ಇದನ್ನೇ ಗೌರಿ ಹೂ ಎನ್ನುತ್ತಾರೆ. ಮೊದಲು ಹಸುರು, ಆಮೇಲೆ ಹಳದಿ, ಕೊನೆಗೆ ಕೆಂಪು ಎಂದು ಒಂದೇ ಹೂ ದಿನದಿನಕ್ಕೆ ಬಣ್ಣ ತಳೆಯುತ್ತದೆ. ಒಂದು ದಿನ ಬಂದವನು ಒಂದು ಬಣ್ಣವನ್ನು ಕಂಡಾನು. ಒಂದು ವಾರ ಬಂದವನು ಹೂವನ್ನು ಕಾಣುತ್ತಾನೆ.

ಹೂವಿನ ಮಾತು ಬಂದಾಗ ತುಂಬೆಯನ್ನೂ ವಿಷ್ಣುಕಾಂತಿಯನ್ನೂ ಮರೆಯಬಾರದು. ಇವುಗಳಿಗಾಗಿ ಬಂಡೀಪುರಕ್ಕೆ ಹೋಗಬೇಕಾಗಿಯೂ ಇಲ್ಲ. ಶಾಲೆಯ ಬಯಲಿನಲ್ಲಿ, ಹೊಲದ ಬದುವಿನಲ್ಲಿ, ಗೋಮಾಳದಲ್ಲಿ ನೆಲಕ್ಕಂಟಿಕೊಂಡು ಬೆಳೆಯುವ ವಿಷ್ಣುಕಾಂತಿಯ ನೀಲಿ ಹೂ ಬೆಳಗ್ಗೆ ತೆರೆದು ಮಧ್ಯಾಹ್ನದ ಬಿಸಿಲೇರಿದ ಮೇಲೆ ಮುಚ್ಚಿಕೊಳ್ಳುತ್ತದೆ. ಅದರ ಚಿತ್ರ ಬೇಕಾದವನು ಹೊತ್ತಾರೆ ಎದ್ದು ಹೋಗಿ, ಹೊಟ್ಟೆಯ ಮೇಲೆ ಮಲಗಬೇಕು. ನಿಂತು ಕೆಳಗೆ ನೋಡುವವನಿಗೆ ಅದು ಒಂದು ನೀಲಿ ಚುಕ್ಕಿ, ಅಷ್ಟೇ.

ಜಿಂಕೆಯ ಚಿತ್ರಕ್ಕೂ ಇದೇ ನಿಯಮ: ಅದರ ಕಣ್ಣಿನ ಎತ್ತರಕ್ಕೆ ಇಳಿಯಬೇಕು. ಮೇಲಿನಿಂದ ತೆಗೆದ ಚಿತ್ರದಲ್ಲಿ ಜಿಂಕೆ ಕುಗ್ಗಿದಂತೆ ಕಾಣುತ್ತದೆ. ತಲೆಯ ಎರಡು ಪಕ್ಕದಲ್ಲಿ ಕಣ್ಣಿರುವುದರಿಂದ ಅದಕ್ಕೆ ಸುತ್ತಲಿನ ಬಹುಭಾಗ ಒಟ್ಟಿಗೆ ಕಾಣುತ್ತದೆ; ಸ್ವಲ್ಪ ಅಲುಗಿದರೂ ತಿಳಿಯುತ್ತದೆ. ಆದರೆ ಅಲುಗದೆ ಕುಳಿತ ಮನುಷ್ಯನನ್ನು ಅದು ಬೇಗ ಗುರುತಿಸಲಾರದು. ಗಾಳಿ ಮನುಷ್ಯನ ಕಡೆಯಿಂದ ಬೀಸಿದರೆ ಮಾತ್ರ ಅದರ ಮೂಗಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಆದ್ದರಿಂದ ಗಾಳಿಗೆ ಎದುರಾಗಿ, ಮಂಕು ಬಣ್ಣದ ಬಟ್ಟೆಯುಟ್ಟು, ನಿಯಮ ಒಪ್ಪುವ ಜಾಗದಲ್ಲಿ ಸುಮ್ಮನೆ ಕೂರುವವನ ಹತ್ತಿರಕ್ಕೆ ಜಿಂಕೆಯೇ ಮೇಯುತ್ತ ಬರುವುದುಂಟು. ಬೆನ್ನಟ್ಟಿದವನಿಗೆ ಸಿಗುವುದು ಯಾವಾಗಲೂ ಓಡುವ ಜಿಂಕೆಯ ಹಿಂಭಾಗದ ಚಿತ್ರ. ಮೆರವಣಿಗೆ ಮುಗಿದ ಮೇಲೆ ಬಂದವನಿಗೆ ತೇರಿನ ಬೆನ್ನು ಕಂಡಂತೆ.

‘ಚಿತ್ರ ತೆಗೆದರೆ ಯಾರಿಗೇನು ನಷ್ಟ? ಕೋವಿಯಂತೆ ಕ್ಯಾಮೆರಾ ಪ್ರಾಣ ತೆಗೆಯುವುದಿಲ್ಲವಲ್ಲ’ ಎಂದು ವಾದಿಸುವವರಿದ್ದಾರೆ. ಕೆಲವೊಮ್ಮೆ ತೆಗೆಯುತ್ತದೆ ಎಂಬುದೇ ಇದಕ್ಕೆ ಉತ್ತರ. ಹುಟ್ಟಿದ ಹೊಸದರಲ್ಲಿ ಜಿಂಕೆಯ ಮರಿ ತಾಯಿಯ ಹಿಂದೆ ಓಡುವುದಿಲ್ಲ; ಹುಲ್ಲಿನಲ್ಲಿಯೋ ಪೊದೆಯಲ್ಲಿಯೋ ಮುದುರಿ ಮಲಗಿರುತ್ತದೆ. ತಾಯಿ ದೂರದಲ್ಲಿ ಮೇಯುತ್ತಿದ್ದು, ಹಾಲೂಡಿಸಲು ಮಾತ್ರ ಬರುತ್ತದೆ. ಮರಿಯನ್ನು ಕಂಡವರು ಅದು ತಬ್ಬಲಿಯೆಂದು ತಿಳಿದು ಎತ್ತಿಕೊಳ್ಳುವುದೂ, ತೊಡೆಯ ಮೇಲಿಟ್ಟು ಚಿತ್ರ ತೆಗೆಸಿಕೊಳ್ಳುವುದೂ ಕರುಣೆಯಂತೆಯೇ ಕಾಣುತ್ತದೆ. ಆದರೆ ಜನ ಸುತ್ತುವರಿದಿರುವವರೆಗೆ ತಾಯಿ ಹತ್ತಿರ ಬರುವುದಿಲ್ಲ. ಮನುಷ್ಯರ ಸದ್ದು ಸುಳುವು ಮರಿಯಿರುವ ಜಾಗವನ್ನು ನಾಯಿಗಳಿಗೂ ತೋರಿಸಿಕೊಡಬಹುದು. ಬೆಳೆದ ಜಿಂಕೆಯೂ ಅಷ್ಟೇ: ಅಟ್ಟಿಸಿ ಹಿಡಿದರೆ, ಮೈಮೇಲೆ ಒಂದು ಗಾಯವೂ ಇಲ್ಲದೆ, ದಿಗಿಲಿನಿಂದಲೂ ಬಳಲಿಕೆಯಿಂದಲೂ ಸತ್ತುಹೋಗುವುದುಂಟು. ಇದು ಪಶುವೈದ್ಯರೆಲ್ಲರೂ ಬಲ್ಲ ಸಂಗತಿ.

ತಿನಿಸು ಹಾಕಿ ಹತ್ತಿರ ಕರೆಯುವುದು ಇದಕ್ಕಿಂತ ನಯವಾದ ಅಪರಾಧ. ರಸ್ತೆಯ ಬದಿಯಲ್ಲಿ ಬಾಳೆಹಣ್ಣು, ಬಿಸ್ಕತ್ತು ಸಿಗುತ್ತದೆಂದು ಕಲಿತ ಪ್ರಾಣಿ ರಸ್ತೆಯನ್ನೇ ಮೇವಿನ ಬಯಲೆಂದು ತಿಳಿಯುತ್ತದೆ. ತಿನಿಸಿನ ಜೊತೆಗೆ ಪ್ಲಾಸ್ಟಿಕ್ ಚೀಲವೂ ಅದರ ಹೊಟ್ಟೆ ಸೇರುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸುವ ಕ್ರಮ ೨೦೦೯ರಲ್ಲಿ ಜಾರಿಗೆ ಬಂದದ್ದೇ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ. ರಾತ್ರಿ ಕಾನೂನು ಕಾಯುವ ಜಿಂಕೆಯನ್ನು ಹಗಲಿನಲ್ಲಿ ಒಂದು ಚಿತ್ರಕ್ಕಾಗಿ ರಸ್ತೆಗೆ ಕರೆಯುವವನನ್ನು ಏನೆನ್ನಬೇಕು? ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯೆಂಬ ಶಬ್ದದ ಅರ್ಥ ಕೊಲ್ಲುವುದಕ್ಕೆ ಮಾತ್ರ ಸೀಮಿತವಾಗಿಲ್ಲ; ಹಿಡಿಯುವುದು, ಅಟ್ಟುವುದು, ಆಮಿಷವೊಡ್ಡುವುದೂ ಅದರ ವ್ಯಾಪ್ತಿಯಲ್ಲಿವೆ. ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಅನುಮತಿ ಕೊಡುವ ಅವಕಾಶವೂ ಅದೇ ಕಾಯಿದೆಯಲ್ಲಿದೆ. ಕೋವಿಗೂ ಕ್ಯಾಮೆರಾಕ್ಕೂ ನಡುವಣ ಗೆರೆ ಎಲ್ಲಿದೆ ಎಂಬುದನ್ನು ಕಾನೂನು ಬರೆದವರು ಅನೇಕ ಛಾಯಾಗ್ರಾಹಕರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಹೂವಿಗೆ ಓಡುವ ಕಾಲಿಲ್ಲ, ಕೂಗುವ ಬಾಯಿಲ್ಲ. ಪಶ್ಚಿಮ ಘಟ್ಟದ ನೀಲಕುರಿಂಜಿ ಹನ್ನೆರಡು ವರ್ಷಗಳಿಗೊಮ್ಮೆ ಅರಳುತ್ತದೆ. ೨೦೧೮ರಲ್ಲಿ ಮುನ್ನಾರಿನ ಬೆಟ್ಟಗಳಲ್ಲಿಯೂ, ೨೦೨೨ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಸಾಲಿನಲ್ಲಿಯೂ ಕುರಿಂಜಿ ಅರಳಿದಾಗ ಜನ ಸಾಲುಸಾಲಾಗಿ ಹೋದರು. ನೋಡುವ ಆಸೆಯಲ್ಲಿ ತಪ್ಪಿಲ್ಲ. ಆದರೆ ನೀಲಕುರಿಂಜಿಯ ಗಿಡ ತನ್ನ ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು, ಬೀಜ ಕಟ್ಟಿ, ಒಣಗಿಹೋಗುತ್ತದೆ. ಮುಂದಿನ ಹನ್ನೆರಡು ವರ್ಷಗಳ ಹೂವೆಲ್ಲ ಆ ಬೀಜದಲ್ಲಿರುತ್ತದೆ. ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುವುದಕ್ಕಾಗಿ ಪೊದೆಯೊಳಗೆ ನುಗ್ಗಿದವನು ತುಳಿದದ್ದು ಅಂದಿನ ಹೂವನ್ನು ಮಾತ್ರವಲ್ಲ. ಒಬ್ಬನು ಒಂದು ಹೆಜ್ಜೆಯಿಟ್ಟರೆ ಮಣ್ಣು ತಾಳಿಕೊಂಡೀತು. ಸಾವಿರ ಜನ ಅದೇ ಹೆಜ್ಜೆಯಿಟ್ಟರೆ ಅಲ್ಲೊಂದು ದಾರಿಯಾಗುತ್ತದೆ.

ಪ್ರಾಣಕ್ಕೆ ಎರವಾಗದ ಚಿತ್ರವೂ ಸತ್ಯಕ್ಕೆ ಎರವಾಗಬಹುದು. ಬಂಡೀಪುರದಲ್ಲಿ ಲಂಟಾನದ ಪೊದೆ ಬಣ್ಣಬಣ್ಣದ ಹೂ ಹೊತ್ತು, ಮೇಲೆ ಚಿಟ್ಟೆಗಳನ್ನು ಕೂರಿಸಿಕೊಂಡು ನಿಂತಿರುವುದನ್ನು ಕಂಡು ಯಾರಿಗೂ ಚಿತ್ರ ತೆಗೆಯುವ ಮನಸ್ಸಾಗುತ್ತದೆ. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ತಂದ ಈ ಗಿಡ ಕಾಡಿಗೆ ನುಗ್ಗಿ ಹುಲ್ಲನ್ನು ನುಂಗಿತು. ಅದರ ಎಲೆ ಜಿಂಕೆಗೆ ಮೇವಲ್ಲ. ದೂರದಿಂದ ಕಕ್ಕೆಯೆಂದೇ ಭ್ರಮೆ ಹುಟ್ಟಿಸುವ ಹಳದಿ ಹೂವಿನ ಇನ್ನೊಂದು ಮರವೂ ಬಂಡೀಪುರ, ನಾಗರಹೊಳೆ, ವಯನಾಡುಗಳಲ್ಲಿ ಹಬ್ಬಿದೆ. ಸೆನ್ನಾ ಎಂಬ ಅದು ದಕ್ಷಿಣ ಅಮೆರಿಕದ್ದು. ಕಕ್ಕೆಯ ಗೊಂಚಲು ಕೆಳಕ್ಕೆ ಜೋಲುತ್ತದೆ, ಇದರದು ಮೇಲಕ್ಕೆ ನಿಲ್ಲುತ್ತದೆ; ಇಷ್ಟನ್ನು ತಿಳಿದವನ ಕಣ್ಣಿಗೆ ಹಳದಿ ಹೊದ್ದ ಇಡೀ ಇಳಿಜಾರು ವೈಭವವಾಗಿ ಕಾಣದೆ, ಮೇವು ಕಳೆದುಕೊಂಡ ನೆಲವಾಗಿ ಕಾಣುತ್ತದೆ. ಇಂಥ ಚಿತ್ರವನ್ನು ತೆಗೆಯಬಾರದೆಂದಲ್ಲ. ತೆಗೆದು, ಅಡಿಯಲ್ಲಿ ಆ ಗಿಡ ಯಾವುದೆಂದು ಬರೆಯಬೇಕು. ಬರೆಯದಿದ್ದರೆ ಅದು ಬಂಗಾರದ ಜಿಂಕೆಯ ಜಾತಿಗೆ ಸೇರಿದ ಚಿತ್ರ. ೨೦೧೯ರ ಬೆಂಕಿಯ ದಿನಗಳಲ್ಲಿ ಬೇರೆಲ್ಲಿಯೋ, ಬೇರೆ ಯಾವಾಗಲೋ ಬೆಂದ ಪ್ರಾಣಿಗಳ ಚಿತ್ರಗಳು ಬಂಡೀಪುರದವೆಂಬ ಹೆಸರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಹಂಚಿದವರ ದುಃಖ ನಿಜವಾಗಿದ್ದಿರಬಹುದು, ಚಿತ್ರ ನಿಜವಾಗಿರಲಿಲ್ಲ. ಯಂತ್ರವೇ ಇಲ್ಲದ ಜಿಂಕೆಯನ್ನು ಸೃಷ್ಟಿಸಿಕೊಡುವ ಈ ಕಾಲದಲ್ಲಂತೂ ಚಿತ್ರದ ಅಡಿಯ ಎರಡು ಸಾಲಿಗೆ ಚಿತ್ರದಷ್ಟೇ ಬೆಲೆ ಬಂದಿದೆ.

ಹೀಗೆಂದು ಕ್ಯಾಮೆರಾವನ್ನೇ ಕಾಡಿನಿಂದ ಹೊರಗಿಡಬೇಕೆಂಬ ವಾದವನ್ನು ಒಪ್ಪಲಾಗದು. ಕಾಡನ್ನು ಎಂದೂ ಕಾಣದ ಲಕ್ಷಾಂತರ ಜನರಿಗೆ ಅದರ ಮೇಲೆ ಮಮತೆ ಹುಟ್ಟಿದ್ದರೆ ಅದರಲ್ಲಿ ಚಿತ್ರಗಳ ಪಾಲು ದೊಡ್ಡದು. ಕಾಣದ ವಸ್ತುವಿಗಾಗಿ ಯಾರೂ ಹೋರಾಡುವುದಿಲ್ಲ. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ ೩೬ ಚಿತ್ರಗಳಾಗುತ್ತಿದ್ದವು. ಒಂದೊಂದಕ್ಕೂ ಕಾಸು ತೆರಬೇಕಾಗಿದ್ದರಿಂದ ಗುಂಡಿ ಒತ್ತುವ ಮೊದಲು ಹತ್ತು ಸಲ ನೋಡುತ್ತಿದ್ದರು. ಈಗ ಒಂದು ಗಳಿಗೆಯಲ್ಲಿ ನೂರು ಚಿತ್ರ ತೆಗೆಯಬಹುದು, ಆಮೇಲೆ ನೋಡಿಕೊಂಡರಾಯಿತು. ಹಳೆಯದೆಲ್ಲ ಒಳ್ಳೆಯದೆಂದು ಹೇಳುವುದು ಮುದುಕರ ಚಾಳಿ. ಮೊಬೈಲ್ ಬಂದದ್ದರಿಂದ ಬಡ ಮಕ್ಕಳ ಕೈಗೂ ಕ್ಯಾಮೆರಾ ಸಿಕ್ಕಿದೆ ಎಂಬುದನ್ನು ಮರೆಯಲಾಗದು. ಆದರೆ ‘ಆಮೇಲೆ ನೋಡಿಕೊಂಡರಾಯಿತು’ ಎಂದವರು ಆಮೇಲೂ ನೋಡುವುದಿಲ್ಲ. ಜಿಂಕೆ ಎದುರಿಗಿದ್ದಾಗ ಜಿಂಕೆಯನ್ನು ನೋಡಲಿಲ್ಲ. ಮನೆಗೆ ಬಂದ ಮೇಲೆ ಚಿತ್ರವನ್ನೂ ನೋಡಲಿಲ್ಲ.

ಬಂಡೀಪುರ ಎಲ್ಲರಿಗೂ ಹತ್ತಿರವಲ್ಲ. ಹಾವೇರಿ ಸೀಮೆಯ ವಿದ್ಯಾರ್ಥಿಗೆ ೧೯೭೪ರಲ್ಲಿ ಆದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಿದೆ; ಮಧುಗಿರಿಯ ಕಡೆಯವರಿಗೆ ಮೈದನಹಳ್ಳಿಯ ಹುಲ್ಲುಗಾವಲಿದೆ. ಉತ್ತರ ಕರ್ನಾಟಕದವರು ಚಿಗರಿಯೆಂದು ಕರೆಯುವ ಕೃಷ್ಣಮೃಗ, ಶಾಸ್ತ್ರದ ಪ್ರಕಾರ ಜಿಂಕೆಯಲ್ಲ. ಅದರ ತಿರುಚಿದ ಕೊಂಬು ಚುಕ್ಕೆ ಜಿಂಕೆಯದರಂತೆ ವರ್ಷಕ್ಕೊಮ್ಮೆ ಉದುರುವುದಿಲ್ಲ. ಇಂಥ ಬಯಲೂ ಹತ್ತಿರವಿಲ್ಲದವರಿಗೆ ಶಾಲೆಯ ಮುಂದಿನ ಹೊಂಗೆಯ ಮರವಂತೂ ಇದ್ದೇ ಇರುತ್ತದೆ. ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಮರಗಳು ಎಂದು ಅರಳಿದವೆಂಬುದನ್ನು ಒಂಬತ್ತನೆಯ ಶತಮಾನದಿಂದಲೂ ಯಾರಾದರೊಬ್ಬರು ದಿನಚರಿಗಳಲ್ಲಿ ಬರೆದಿಡುತ್ತ ಬಂದಿದ್ದಾರೆ. ೨೦೨೧ರಲ್ಲಿ ಅವು ಮಾರ್ಚ್ ೨೬ಕ್ಕೇ ತುಂಬಿ ಅರಳಿದಾಗ, ಸಾವಿರದಿನ್ನೂರು ವರ್ಷಗಳಲ್ಲಿ ಇಷ್ಟು ಬೇಗ ಅರಳಿರಲಿಲ್ಲವೆಂದು ಹೇಳಲು ಸಾಧ್ಯವಾದದ್ದು ಆ ದಿನಾಂಕಗಳಿಂದ. ಭಾರತದಲ್ಲಿಯೂ ೨೦೧೦ರ ಸುಮಾರಿನಿಂದ ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಶಾಲಾಮಕ್ಕಳು ತಮ್ಮ ಸುತ್ತಲಿನ ಮರಗಳ ಚಿಗುರು, ಹೂ, ಕಾಯಿಗಳನ್ನು ವಾರವಾರವೂ ಗಮನಿಸಿ ದಾಖಲಿಸುತ್ತಿದ್ದಾರೆ. ಅವರಲ್ಲಿ ಬಹುಮಂದಿ ಕೇರಳದವರು. ಕರ್ನಾಟಕದ ಹೊಂಗೆ, ಕಕ್ಕೆ, ಮುತ್ತುಗಗಳು ಎಂದು ಚಿಗುರಿದವು, ಎಂದು ಅರಳಿದವು ಎಂಬುದನ್ನು ಬರೆದಿಡುವವರು ಇನ್ನೂ ಬೇಕಾಗಿದ್ದಾರೆ. ಅದಕ್ಕೆ ದೊಡ್ಡ ಮಸೂರ ಬೇಡ. ಒಂದೇ ಜಾಗದಲ್ಲಿ ನಿಂತು, ಒಂದೇ ಮರವನ್ನು, ತಿಂಗಳ ಒಂದೇ ತಾರೀಖಿನಂದು ತೆಗೆದ ಹನ್ನೆರಡು ಚಿತ್ರಗಳು, ಒಂದೊಂದರ ಅಡಿಯಲ್ಲಿ ಊರು, ದಿನ ಮತ್ತು ಮರದ ಹೆಸರು ಇದ್ದರೆ ಸಾಕು.